ಕಾಲಡಿಯ ಪ್ಲೇಟು, ತಲೆಯೊಳಗಿನ ಗಡ್ಡೆ

ಪೆರ್ಲದ ಓದುಗರೊಬ್ಬರ ಪತ್ರ: “ದೊಡ್ಡಪ್ಪನ ತಲೆಯಲ್ಲಿ ಗಡ್ಡೆ ಇದೆಯೆಂದು ಸ್ಕ್ಯಾನಿಂಗಿನಲ್ಲಿ ಕಂಡಿದೆ. ಪೇಟೆಯಲ್ಲಿ ಶಿಬಿರ ಮಾಡಿದವರು ಕಾಲಡಿಗೆ ಇಡುವ ಕರೆಂಟಿನ ಪ್ಲೇಟು ಮಾರುತ್ತಿದ್ದಾರೆ, ಕ್ಯಾನ್ಸರೂ ಒಣಗುತ್ತದಂತೆ. ಭಾವ ನಕ್ಕುಬಿಟ್ಟರು. ಆದರೆ ಅಮೆರಿಕದಲ್ಲಿ ಮೆದುಳಿನ ಕ್ಯಾನ್ಸರಿಗೆ ವಿದ್ಯುತ್ ಚಿಕಿತ್ಸೆ ಇದೆಯೆಂದು ನಾನೇ ಓದಿದ್ದೇನೆ. ಯಾರು ಸರಿ?”

ಪ್ಲೇಟಿನ ವಿಷಯದಲ್ಲಿ ಭಾವ ಸರಿ. ಓದಿದ ವಿಷಯದಲ್ಲಿ ನೀವು ಸರಿ. ಮಾರುವವರು ಬದುಕುವುದು ಈ ಎರಡರ ನಡುವಿನ ಸಂದಿಯಲ್ಲಿ.

ನೀವು ಓದಿದ್ದು ಇಸ್ರೇಲಿನ ವಿಜ್ಞಾನಿ ಯೊರಾಮ್ ಪಾಲ್ಟಿ ಅವರು ಆರಂಭಿಸಿದ ಚಿಕಿತ್ಸೆಯ ಬಗ್ಗೆ. ತಲೆಗೆ ಅಂಟಿಸಿದ ಪಟ್ಟಿಗಳ ನಡುವೆ ಯಂತ್ರವೊಂದು ವಿದ್ಯುತ್ ಕ್ಷೇತ್ರವನ್ನು, ಅಂದರೆ ವಿದ್ಯುತ್ತಿನ ಸೆಳೆತವನ್ನು, ಎಬ್ಬಿಸುತ್ತದೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಮೆದುಳಿಗೆ ಬಳಸುವ ಈ ಕ್ಷೇತ್ರದ್ದು 2 ಲಕ್ಷ. ಅಷ್ಟು ಬೇಗ ದಿಕ್ಕು ಬದಲಾದರೆ ನರಕ್ಕೆ ಓಗೊಡಲು ಪುರುಸೊತ್ತೇ ಇರುವುದಿಲ್ಲ, ಹಾಗಾಗಿ ಶಾಕ್ ಹೊಡೆಯುವುದಿಲ್ಲ. ಸುಮ್ಮನಿರುವ ಜೀವಕೋಶಕ್ಕೂ ಹೆಚ್ಚೇನೂ ಆಗದು. ಪೆಟ್ಟು ಬೀಳುವುದು ಒಡೆದು ಎರಡಾಗಲು ಹೊರಟ ಕೋಶಕ್ಕೆ. ಒಡೆಯುವ ಮುನ್ನ ಕೋಶ ತನ್ನ ವರ್ಣತಂತುಗಳನ್ನು ಎರಡು ಪಾಲು ಮಾಡಿ ಎಳೆಯಲು ಟ್ಯೂಬುಲಿನ್ ಎಂಬ ಪ್ರೋಟೀನಿನ ತುಣುಕುಗಳನ್ನು ಪೋಣಿಸಿ ಹಗ್ಗ ಹೊಸೆಯುತ್ತದೆ. ಒಂದೊಂದು ತುಣುಕಿಗೂ ಧನ ತುದಿ, ಋಣ ತುದಿ ಇದೆ. ಕ್ಷೇತ್ರ ಅವನ್ನು ಅತ್ತಿತ್ತ ತಿರುಗಿಸುತ್ತಿದ್ದರೆ ಪೋಣಿಕೆ ಕೆಡುತ್ತದೆ ಎಂಬುದು ಸಂಶೋಧಕರ ವಿವರಣೆ. ಬೀಸುಗಾಳಿಯಲ್ಲಿ ಕೂತು ಮಡಲು ಹೆಣೆದ ಹಾಗೆ. ಕೊನೆಗೆ ಕೋಶ ಡಮರುವಿನಂತೆ ಸೊಂಟ ಕಟ್ಟಿಕೊಂಡಾಗ ಕ್ಷೇತ್ರವೆಲ್ಲ ಆ ಸೊಂಟದಲ್ಲಿ ಒತ್ತೊತ್ತಾಗುತ್ತದೆ, ಒಳಗಿನ ಸರಕು ಅತ್ತ ಸೆಳೆಯಲ್ಪಡುತ್ತದೆ. ಕೆಲವು ಕೋಶ ಅಲ್ಲೇ ಸಾಯುತ್ತವೆ.

ಫಲ? ಗ್ಲಯೊಬ್ಲಾಸ್ಟೊಮ ಎಂಬ ಮೆದುಳಿನ ಕ್ಯಾನ್ಸರ್ ಗಡ್ಡೆಯಿದ್ದ 695 ಮಂದಿಯ ಪ್ರಯೋಗದ ಅಂತಿಮ ವರದಿ 2017ರಲ್ಲಿ ಬಂತು. ಕ್ಯಾನ್ಸರಿನ ಮಾತ್ರೆ ಮಾತ್ರ ಪಡೆದವರ ಮಧ್ಯಕ ಬದುಕು (ಅರ್ಧದಷ್ಟು ಮಂದಿ ದಾಟಿದ ಅವಧಿ) 16 ತಿಂಗಳು, ಜೊತೆಗೆ ಈ ಯಂತ್ರವನ್ನೂ ಧರಿಸಿದವರದ್ದು 20.9. ಐದು ವರ್ಷ ದಾಟಿದವರು ನೂರಕ್ಕೆ 5ರ ಬದಲು 13. ಗುಣವಾಯಿತೆನ್ನುವ ಅಂಕಿಯಲ್ಲ, ಆದರೆ ಈ ಕಾಯಿಲೆಯಲ್ಲಿ ಐದು ತಿಂಗಳು ಸಣ್ಣದೂ ಅಲ್ಲ. ಹೋಲಿಕೆಯ ಗುಂಪಿಗೆ ಕ್ಷೇತ್ರ ಎಬ್ಬಿಸದ ಹುಸಿ ಯಂತ್ರ ಕೊಟ್ಟಿರಲಿಲ್ಲ ಎಂಬ ತಕರಾರು ವೈದ್ಯರಲ್ಲಿದೆ. ನನಗೂ ಅದು ನ್ಯಾಯವೆನಿಸುತ್ತದೆ.

ಇನ್ನು ಪಡಿಪಾಟಲು. ತಲೆ ಬೋಳಿಸಿ, ಬುರುಡೆಗೆ ನಾಲ್ಕು ಪಟ್ಟಿ ಅಂಟಿಸಿ, ಬ್ಯಾಟರಿ ಹೊತ್ತು ದಿನಕ್ಕೆ 18 ಗಂಟೆ. ಮಳೆಗಾಲದಲ್ಲಿ ಲೈನಿಗೆ ಮರ ಬಿದ್ದು ಎರಡು ದಿನ ಕರೆಂಟಿಲ್ಲದೆ ಕೂರುವ ನಮ್ಮ ಕಡೆ ಆ ಬ್ಯಾಟರಿ ಚಾರ್ಜು ಮಾಡುವುದೇ ಒಂದು ಕತೆಯಾದೀತು. ಪಟ್ಟಿ ಅಂಟಿಸಿದಲ್ಲಿ ಚರ್ಮ ಕೆಂಪಾಗಿ ತುರಿಸುತ್ತದೆ. ಖರ್ಚಂತೂ ಅಮೆರಿಕದವರಿಗೇ ಭಾರ.

ಕ್ಷೇತ್ರ ಕೆಲಸ ಮಾಡುವುದು ಪಟ್ಟಿಗಳ ನಡುವೆ ಮಾತ್ರ. ಕಾಲಡಿಗೆ ಇಟ್ಟದ್ದು ತಲೆಗೆ ಏರುವುದಿಲ್ಲ. ಸೆಕೆಂಡಿಗೆ ಎಷ್ಟು ಆವರ್ತನ ಎಂದು ಶಿಬಿರದವರನ್ನು ಭಾವನಿಂದಲೇ ಕೇಳಿಸಿ.

ನಿಮ್ಮ ದೊಡ್ಡಪ್ಪನದ್ದು ಯಾವ ಬಗೆಯ ಗಡ್ಡೆಯೆಂದು ಪತ್ರದಲ್ಲಿಲ್ಲ. ತಲೆಯೊಳಗಿನ ಗಡ್ಡೆಗಳೆಲ್ಲ ಕ್ಯಾನ್ಸರಲ್ಲ. ಸ್ಕ್ಯಾನಿನ ಫಿಲ್ಮು, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಆಗಿದ್ದರೆ ಅದರ ವರದಿ ಹಿಡಿದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಮಂಗಳೂರಿನ ತಜ್ಞರಲ್ಲಿಗೋ ಈ ವಾರವೇ ಹೋಗಿ. ಪ್ಲೇಟಿಗೆ ಮುಂಗಡ ಕೊಟ್ಟಿದ್ದರೆ ವಾಪಸು ಕೇಳಿ.

– ಸಂ.