ಆಲ್ಜಿನೇಟ್ ಅಚ್ಚು ಮರುದಿನಕ್ಕೆ ಯಾಕೆ ಕೆಡುತ್ತದೆ?

ಒದ್ದೆ ಟಿಶ್ಯೂ ಸುತ್ತಿಟ್ಟ ಆಲ್ಜಿನೇಟ್ (ಹಲ್ಲಿನ ಅಳತೆ ತೆಗೆಯುವ ಜೆಲ್‌ನಂಥ ವಸ್ತು) ಅಚ್ಚಿಗೆ ಮರುದಿನ ಸ್ಟೋನ್ (ಹಲ್ಲಿನ ಮಾಡೆಲ್ ಮಾಡುವ ಜಿಪ್ಸಮ್) ಸುರಿದೆ, ಮಾಡೆಲ್ ಬಾಯಿಯ ಅಳತೆಗೆ ಹೊಂದುತ್ತಿಲ್ಲ ಅಂದಿದ್ದೀರಿ. ಸ್ಟೋನ್ ಮೇಲೆ ಸುಮ್ನೆ ಅನುಮಾನ ಬೇಡ. ಆಲ್ಜಿನೇಟ್‌ನಲ್ಲಿ ಬಹುಪಾಲು ನೀರೇ. ಗಾಳಿಗೆ ಬಿಟ್ಟರೆ ಕುಗ್ಗುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಟಿಶ್ಯೂ ತೊಟ್ಟಿಕ್ಕುವಷ್ಟು ಒದ್ದೆಯಿತ್ತು ಅಲ್ವಾ? ಹದವಾಗಿ ಮುಚ್ಚಿಟ್ಟರೂ ಅಚ್ಚು ತಾನಾಗಿ ನೀರು ಬಿಡುತ್ತದೆ. ಸಾಮಾನ್ಯ ಆಲ್ಜಿನೇಟ್ ಆದರೆ 10–15 ನಿಮಿಷದೊಳಗೆ ಸುರಿಯಿರಿ. ಅಚ್ಚು ಟ್ರೇ ಬಿಟ್ಟು ಎದ್ದಿದೆಯಾ ಅಂತಲೂ ನೋಡಿ. ನಾನು ಜಾಸ್ತಿ ಏಮಾರಿದ್ದು ಅಲ್ಲೇ. ಬಾಯಿಂದ ತೆಗೆಯುವಾಗ ಅಲ್ಲಾಡಿಸದೆ ಒಂದೇ ಎಳೆತಕ್ಕೆ ತೆಗೆಯಿರಿ.

ಮರುದಿನವೇ ಸುರಿಯಬೇಕು ಅಂದರೆ ಅಡಿಷನ್ ಸಿಲಿಕೋನ್ (ರಬ್ಬರಿನಂಥ ಇನ್ನೊಂದು ಅಚ್ಚಿನ ವಸ್ತು) ಬಳಸಿ. ದಿನಗಟ್ಟಲೆ ಅಳತೆ ಕಾಯುತ್ತದೆ. ಅದರ ಪುಟ್ಟಿಯನ್ನು (ಕೈಯಲ್ಲಿ ಕಲಸುವ ಹಿಟ್ಟಿನಂಥ ರೂಪ) ಲೇಟೆಕ್ಸ್ ಗ್ಲೌಸ್ ಹಾಕಿ ಮಾತ್ರ ಕಲಸಬೇಡಿ, ಗ್ಲೌಸ್‌ನ ಗಂಧಕ ತಾಗಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ.