ಬಾಕ್ಸರ್ ಮೇಲಿನ ತೂಕದ ವಿಭಾಗಕ್ಕೆ ಹೋದರೆ ಅವನ ಏಟಿನ ಬಲವೂ ಜೊತೆಗೆ ಹೋಗುತ್ತಾ?

ನಿಮ್ಮ ತಮ್ಮ 60 ಕೆ.ಜಿ.ಯಲ್ಲಿ ಒಂದೇ ಹುಕ್‌ಗೆ (ಪಕ್ಕದಿಂದ ಬೀಸಿ ಹೊಡೆಯೋ ಏಟಿಗೆ) ಹುಡುಗರನ್ನು ಮಲಗಿಸ್ತಾನೆ, ಈಗ ಮೈ ತುಂಬಿಸಿಕೊಂಡು ಮೇಲಿನ ತೂಕಕ್ಕೆ ಹೋಗ್ತೀನಿ ಅಂತಾನೆ, ಆ ಏಟು ಅಲ್ಲೂ ನಡೆಯುತ್ತಾ ಅಂತ ಕೇಳಿದ್ದೀರಿ. ಅರ್ಧ ನಡೆಯುತ್ತೆ.

ನಾನು ಚಿಕ್ಕಮಗಳೂರಿನವನು. ಕಾಲೇಜು ದಿನಗಳಲ್ಲಿ ಪಂಚಿಂಗ್ ಬ್ಯಾಗ್ ಕೊಳ್ಳೋಕೆ ದುಡ್ಡಿಲ್ಲದೆ ತೋಟದ ಸಿಲ್ವರ್ ಮರಕ್ಕೆ ಎರಡು ಗೋಣಿಚೀಲ ಕಟ್ಟಿದ್ದೆವು. ಒಂದರಲ್ಲಿ ಬರೀ ಕಾಫಿ ಸಿಪ್ಪೆ, ಇನ್ನೊಂದರಲ್ಲಿ ಅರ್ಧಕ್ಕೆ ಮರಳು. ಸಿಪ್ಪೆ ಚೀಲಕ್ಕೆ ಗುದ್ದಿದರೆ ಉಯ್ಯಾಲೆ ಥರ ಹಾರೋದು. ಮರಳಿನ ಚೀಲಕ್ಕೆ ಅದೇ ಗುದ್ದು ಬಿಟ್ಟರೆ ದಪ್ ಅಂತ ಸದ್ದು, ಅಷ್ಟೇ. ಒಂದು ಗೇಣು ಅಲ್ಲಾಡಿದರೆ ಪುಣ್ಯ. ಕೊನೆಗೆ ಮಣಿಕಟ್ಟು ಹಿಡ್ಕೊಂಡು ಕೂರುತ್ತಿದ್ದವನು ನಾನೇ.

ಮನುಷ್ಯನಲ್ಲೂ ಹೀಗೇ. ತಲೆ ಗಕ್ಕನೆ ತಿರುಗಿ ಒಳಗೆ ಮೆದುಳು ಅಲುಗಿದಾಗ ಆಳು ಬೀಳುತ್ತಾನೆ. ಕುತ್ತಿಗೆ ದಪ್ಪ, ಮೈ ಭಾರ ಇದ್ದವನ ತಲೆ ಅಷ್ಟು ಸುಲಭವಾಗಿ ತಿರುಗಲ್ಲ.

ಅಮೆರಿಕದ ಬಾಕ್ಸರ್ ಬಾಬ್ ಫಾಸ್ಟರ್‌ನನ್ನೇ ನೋಡಿ. ಲೈಟ್ ಹೆವಿವೇಟ್‌ನಲ್ಲಿ, ಅಂದರೆ ಸುಮಾರು 79 ಕೆ.ಜಿ.ಯಲ್ಲಿ, ಅವನ ಎಡಗೈ ಹುಕ್ ಅಂದರೆ ಸಿಡಿಲು. 1968ರಲ್ಲಿ ಡಿಕ್ ಟೈಗರ್‌ನಂಥ ಗಟ್ಟಿ ಆಳನ್ನು ನಾಲ್ಕನೇ ರೌಂಡ್‌ನಲ್ಲಿ ಮಲಗಿಸಿದ. ಟೈಗರ್ ಇಡೀ ಜೀವನದಲ್ಲಿ ಹಾಗೆ ಬಿದ್ದದ್ದು ಅದೊಂದೇ ಸಲ. ಅದೇ ಫಾಸ್ಟರ್ ಎಲ್ಲಕ್ಕಿಂತ ಮೇಲಿನ ಹೆವಿವೇಟ್‌ಗೆ ಹೋಗಿ 1970ರಲ್ಲಿ ಜೋ ಫ್ರೇಜಿಯರ್ ಎದುರು ಎರಡೇ ರೌಂಡಿಗೆ ಮುಗಿದ. 1972ರಲ್ಲಿ ಮುಹಮ್ಮದ್ ಅಲಿಯ ಕಣ್ಣಿನ ಹತ್ತಿರ ಚರ್ಮ ಸೀಳಿದ, ನಿಜ. ಆದರೆ ಬಿದ್ದವನು ಮತ್ತೆ ಫಾಸ್ಟರನೇ.

ಫಿಲಿಪೀನ್ಸ್‌ನ ಬಾಕ್ಸರ್ ಮ್ಯಾನಿ ಪ್ಯಾಕಿಯಾವ್ ಕಥೆ ಬೇರೆ. 1998ರಲ್ಲಿ ಸುಮಾರು 51 ಕೆ.ಜಿ.ಯಲ್ಲಿ ಚಾಂಪಿಯನ್ ಆದವನು 2009ರಲ್ಲಿ 63.5 ಕೆ.ಜಿ.ಯಲ್ಲಿ ರಿಕಿ ಹ್ಯಾಟನ್‌ನನ್ನು ಎರಡನೇ ರೌಂಡ್‌ನಲ್ಲೇ ಅಲ್ಲಾಡದ ಹಾಗೆ ಮಲಗಿಸಿದ. (ಅದಕ್ಕೂ ಮುಂಚೆ ಡಿ ಲಾ ಹೋಯಾನನ್ನು ಸೋಲಿಸಿದ್ದನ್ನು ನಾನು ಪೂರ್ತಿ ಲೆಕ್ಕಕ್ಕೆ ಹಿಡಿಯಲ್ಲ. ಹೋಯಾ ತೂಕ ಇಳಿಸಿ ಇಳಿಸಿ ಒಣಗಿ ಬಂದಿದ್ದ.) ಪ್ಯಾಕಿಯಾವ್ ಜೊತೆ ಮೇಲಕ್ಕೆ ಹೋದದ್ದು ವೇಗ, ಏಟು ಬರುವ ವಿಚಿತ್ರ ಕೋನ, ಟೈಮಿಂಗ್. ಎದುರಾಳಿಗೆ ಏಟು ಕಾಣದಿದ್ದರೆ ಕುತ್ತಿಗೆ ಬಿಗಿ ಮಾಡೋಕೆ ಆಗಲ್ಲ, ಅಲ್ವಾ? ಆದರೂ 2009ರ ಕೊನೆಯಲ್ಲಿ ಕೊಟ್ಟೋನನ್ನು ನಿಲ್ಲಿಸಿದ ಮೇಲೆ 2018ರ ತನಕ ಅವನು ಯಾರನ್ನೂ ಅವಧಿಗೆ ಮುಂಚೆ ಮುಗಿಸಲಿಲ್ಲ. ವಯಸ್ಸೂ ಆಗಿತ್ತು ಅನ್ನಿ. ಆದರೆ 2010ರಲ್ಲಿ ಅವನ ಏಟಿಗೆ ಎದುರಾಳಿ ಮಾರ್ಗರಿಟೋನ ಕಣ್ಣಿನ ಮೂಳೆ ಮುರಿಯಿತು, ಆಸಾಮಿ ಮಾತ್ರ 12 ರೌಂಡ್ ನಿಂತೇ ಇದ್ದ.

ಇನ್ನೊಂದು ಮಾತು. ನಿಮ್ಮ ತಮ್ಮ 60ಕ್ಕೆ ಬರೋಕೆ ನೀರು ಬಿಟ್ಟು, ಊಟ ಬಿಟ್ಟು ಒದ್ದಾಡ್ತಿದ್ದರೆ ಮೇಲೆ ಹೋದಾಗ ಏಟಿನ ಬಲ ಜಾಸ್ತಿಯೇ ಆಗಬಹುದು. ಕಾಲಲ್ಲಿ ಶಕ್ತಿ ಉಳಿಯುತ್ತೆ, ಏಟು ಹುಟ್ಟೋದೇ ಅಲ್ಲಿಂದ. ಸುಮ್ನೆ ತಿಂದು ತೂಕ ಏರಿಸಿದರೆ ಮಾತ್ರ ಕೈ ನಿಧಾನ ಆಗುತ್ತೆ, ಮೊದಲಿದ್ದದ್ದೂ ಹೋಗುತ್ತೆ.

ಮೊದಲು ಅವನಿಗಿಂತ ಏಳೆಂಟು ಕೆ.ಜಿ. ಜಾಸ್ತಿ ಇರುವ ಹುಡುಗನ ಜೊತೆ ಕೋಚ್ ಎದುರಲ್ಲೇ ನಾಲ್ಕು ದಿನ ಸ್ಪಾರಿಂಗ್ (ಅಭ್ಯಾಸದ ಕಾದಾಟ) ಮಾಡಲಿ. ಅವನು ಎಷ್ಟು ಜೋರಾಗಿ ಹೊಡೀತಾನೆ ಅಂತ ನೋಡಬೇಡಿ. ಏಟು ತಿಂದ ಹುಡುಗ ಹಿಂದೆ ಹೋಗ್ತಾನೋ, ಮುಂದೆ ಬರ್ತಾನೋ ನೋಡಿ.