ನಾಲ್ಕು ಅಡಿ ಅಕ್ವೇರಿಯಂಗೆ ಒಳಗಿನ ಫಿಲ್ಟರ್ ಸಾಕಾ, ಹೊರಗಿನದೇ ಬೇಕಾ?

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ ಅಂದರೆ ಸುಮಾರು 250 ಲೀಟರ್ ನೀರು. ನಾಲ್ಕಾರು ಗಪ್ಪಿ ಮೀನುಗಳಿಗಾದರೆ ಒಳಗಿನದೇ ಸಾಕು. ಆಸ್ಕರ್, ಗೋಲ್ಡ್‌ಫಿಶ್ ಸಾಕುತ್ತೀರಾ? ಸಿಕ್ಕಾಪಟ್ಟೆ ಗಲೀಜು ಮಾಡುತ್ತವೆ, ಹೊರಗಿನ ಕ್ಯಾನಿಸ್ಟರ್ (ಮುಚ್ಚಿದ ಡಬ್ಬಿಯಂಥ ಫಿಲ್ಟರ್) ತಗೊಳ್ಳಿ. ಫಿಲ್ಟರ್ ಕಸ ಹಿಡಿದರೆ ಸಾಲದು, ಮೀನಿನ ಗಲೀಜಿನಿಂದ ಬರುವ ವಿಷ, ಅಮೋನಿಯಾ, ಅದನ್ನು ತಿನ್ನುವ ಬ್ಯಾಕ್ಟೀರಿಯಾಕ್ಕೆ ಜಾಗವೂ ಬೇಕಲ್ವಾ? ಒಳಗಿನದರಲ್ಲಿ ಇರುವುದು ಮುಷ್ಟಿಯಷ್ಟು ಸ್ಪಂಜು. ಕ್ಯಾನಿಸ್ಟರ್‌ನಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುವ ಸೆರಾಮಿಕ್ ರಿಂಗ್ ಟ್ರೇಗಟ್ಟಲೆ ಹಿಡಿಯುತ್ತವೆ. ಗಂಟೆಗೆ 1000 ಲೀಟರ್‌ಗಿಂತ ಜಾಸ್ತಿ ನೀರು ಹರಿಸುವಂಥದ್ದನ್ನು ನೋಡಿ.

ಕ್ಯಾನಿಸ್ಟರ್‌ನದು ಒಂದು ತೊಂದರೆ ಇದೆ. ಕರೆಂಟ್ ಹೋಗಿ ತುಂಬಾ ಹೊತ್ತಾದರೆ ಮುಚ್ಚಿದ ಡಬ್ಬಿಯೊಳಗೆ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯುತ್ತವೆ. ನಮ್ಮನೆಯಲ್ಲಿ ಒಮ್ಮೆ ಹಾಗಾಗಿ ಕೊಳೆತ ಮೊಟ್ಟೆ ವಾಸನೆ ಬಂದಿತ್ತು! ಆಗ ಸುಮ್ನೆ ಸ್ವಿಚ್ ಹಾಕಬೇಡಿ. ಬಿಚ್ಚಿ, ರಿಂಗುಗಳನ್ನು ಅಕ್ವೇರಿಯಂನಿಂದ ಮೊಗೆದ ನೀರಲ್ಲೇ ಜಾಲಿಸಿ. ನಲ್ಲಿ ನೀರಿನ ಕ್ಲೋರಿನ್ ಉಳಿದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.